ಹಳೆಯ ಪಿಕಪ್ ಇದ್ದಕ್ಕಿದ್ದಂತೆ ಸ್ಟಾರ್ಟ್ ಆಗದಿದ್ದರೆ: ದೋಷ ಹುಡುಕುವ ಸಮಗ್ರ ಮಾರ್ಗದರ್ಶಿ

ನಿನ್ನೆ ಸಂಜೆಯವರೆಗೆ ಚೆನ್ನಾಗಿ ಓಡಿದ ಗಾಡಿ ಬೆಳಿಗ್ಗೆ ಕೀ ತಿರುಗಿಸಿದರೆ ಮಿಸುಕುವುದಿಲ್ಲ. ಆಗ ಬಹಳ ಜನ ಊಹೆಯ ಮೇಲೆ ಬಿಡಿಭಾಗ ಬದಲಿಸಲು ಹೊರಡುತ್ತಾರೆ. ಬ್ಯಾಟರಿ ಹೊಸದಾಗುತ್ತದೆ, ಪ್ಲಗ್ ಹೊಸದಾಗುತ್ತದೆ, ಕೊನೆಗೆ ಟ್ಯಾಂಕ್ ಇಳಿಸಿ ಫ್ಯೂಯೆಲ್ ಪಂಪನ್ನೂ ಹಾಕುತ್ತಾರೆ. ಇಷ್ಟೆಲ್ಲ ಖರ್ಚಾದ ಮೇಲೆ, ಕೆಟ್ಟಿದ್ದು ತುಕ್ಕು ಹಿಡಿದ ಒಂದು ಅರ್ತ್ ಪಟ್ಟಿ ಎಂದು ಗೊತ್ತಾಗುತ್ತದೆ. ಹಳೆಯ ಗಾಡಿಯಲ್ಲಿ ಸವೆದ ಭಾಗಗಳು ಹತ್ತಾರು ಇರುತ್ತವೆ. ಅವುಗಳಲ್ಲಿ ಇವತ್ತು ಗಾಡಿ ನಿಲ್ಲಿಸಿದ್ದು ಯಾವುದು ಎಂಬುದಷ್ಟೇ ಪ್ರಶ್ನೆ. ಪರೀಕ್ಷೆಯಲ್ಲಿ ಕೆಟ್ಟಿದೆ ಎಂದು ಖಚಿತವಾಗುವ ತನಕ ಯಾವ ಭಾಗವನ್ನೂ ಕೊಳ್ಳಬೇಡಿ. ಈ ಬರಹದ ಪ್ರತಿ ಹೆಜ್ಜೆಯೂ ಆ ಖಚಿತತೆಗಾಗಿಯೇ ಇದೆ.

ಇನ್ನೊಂದು ಮಾತು. ಗಾಡಿ ಸ್ಟಾರ್ಟ್ ಆಗದೆ ನಿಂತಿರುವ ಹೊತ್ತೇ ಪರೀಕ್ಷೆಗೆ ಒಳ್ಳೆಯ ಹೊತ್ತು. ಅರ್ಧ ಗಂಟೆ ಬಿಟ್ಟು ಅದು ತಾನಾಗಿ ಸ್ಟಾರ್ಟ್ ಆಗಿಬಿಟ್ಟರೆ ಯಾವ ಮೀಟರ್‌ಗೂ ದೋಷ ಸಿಗುವುದಿಲ್ಲ. ಆದ್ದರಿಂದ ಕನಿಷ್ಠ ಮಲ್ಟಿಮೀಟರ್, ಟೆಸ್ಟ್ ಲ್ಯಾಂಪ್ ಮತ್ತು ಸ್ಪಾರ್ಕ್ ಟೆಸ್ಟರ್ ಗಾಡಿಯಲ್ಲೇ ಇರಲಿ.

ಮುಖ್ಯವಾಗಿ ಕಾರ್ಬ್ಯುರೇಟರ್ ಅಥವಾ ಆರಂಭದ ಕಾಲದ ಇಂಜೆಕ್ಷನ್ ಇರುವ ಪೆಟ್ರೋಲ್ ಪಿಕಪ್‌ಗಳನ್ನು ಮನಸ್ಸಿನಲ್ಲಿಟ್ಟು ಬರೆದದ್ದು ಇದು. ಡೀಸೆಲ್ ಗಾಡಿಗೆ ಬೇರೆಯಾಗುವ ಸಂಗತಿಗಳನ್ನು ಕೊನೆಯ ಕಡೆ ಹೇಳಿದೆ.

ಬೇಕಾದ ಸಾಮಾನು, ವಹಿಸಬೇಕಾದ ಎಚ್ಚರ

ಡಿಜಿಟಲ್ ಮಲ್ಟಿಮೀಟರ್, 12 ವೋಲ್ಟ್ ಟೆಸ್ಟ್ ಲ್ಯಾಂಪ್, ಅಂತರ ಹೊಂದಿಸಬಹುದಾದ ಸ್ಪಾರ್ಕ್ ಟೆಸ್ಟರ್, ಫ್ಯೂಯೆಲ್ ಪ್ರೆಶರ್ ಗೇಜ್, ಕಂಪ್ರೆಶನ್ ಗೇಜ್, ವೈರ್ ಬ್ರಷ್, ಜಂಪರ್ ಕೇಬಲ್, ಸಾಕೆಟ್ ಸೆಟ್. ಎರಡು ಗೇಜ್‌ಗಳನ್ನು ಬೇಕಾದಾಗ ಎರವಲು ತಂದರೂ ನಡೆಯುತ್ತದೆ. ಕೀ ತಿರುಗಿಸಲು ಇನ್ನೊಬ್ಬರು ಜೊತೆಗಿದ್ದರೆ ಕೆಲಸ ಬೇಗ ಸಾಗುತ್ತದೆ.

ಗೇರ್ ನ್ಯೂಟ್ರಲ್‌ನಲ್ಲಿರಲಿ, ಆಟೋಮ್ಯಾಟಿಕ್ ಆದರೆ ಪಾರ್ಕ್‌ನಲ್ಲಿರಲಿ. ಹ್ಯಾಂಡ್‌ಬ್ರೇಕ್ ಎಳೆದು ಚಕ್ರಕ್ಕೆ ಅಡ್ಡಗಟ್ಟಿ. ಸೆಲ್ಫ್ ಮೋಟರ್‌ನ (ಎಂಜಿನ್ ತಿರುಗಿಸುವ ಸ್ಟಾರ್ಟರ್) ಸೊಲೆನಾಯ್ಡ್‌ಗೆ (ಮೋಟರ್‌ಗೆ ಕರೆಂಟ್ ಜೋಡಿಸುವ ದೊಡ್ಡ ಸ್ವಿಚ್) ನೇರವಾಗಿ ಕರೆಂಟ್ ಕೊಟ್ಟು ಪರೀಕ್ಷಿಸುವಾಗ ಗೇರ್ ಬಿದ್ದಿದ್ದರೆ ಗಾಡಿ ಮುಂದೆ ನಿಂತವರ ಮೇಲೆಯೇ ನುಗ್ಗುತ್ತದೆ. ಇದರಿಂದ ಜೀವ ಹೋದ ಉದಾಹರಣೆಗಳಿವೆ. ಬ್ಯಾಟರಿಯ ಹತ್ತಿರ, ಪೆಟ್ರೋಲ್ ಲೈನ್ ಬಿಚ್ಚಿದ ಕಡೆ ಕಿಡಿ, ಬೀಡಿ ಸಿಗರೇಟು ಯಾವುದೂ ಬೇಡ. ಸೆಲ್ಫನ್ನು ಒಮ್ಮೆಗೆ 10 ಸೆಕೆಂಡಿಗಿಂತ ಹೆಚ್ಚು ಹೊಡೆಯಬೇಡಿ, ಪ್ರತಿ ಸಲವೂ 2 ನಿಮಿಷ ಆರಲು ಬಿಡಿ. ಬಿಡದೆ ಹೊಡೆದರೆ ಒಳಗಿನ ವೈಂಡಿಂಗ್ ಸುಟ್ಟು, ಒಂದಿದ್ದ ದೋಷ ಎರಡಾಗುತ್ತದೆ.

ಕೀ ತಿರುಗಿಸಿದಾಗ ಏನು ಕೇಳಿಸುತ್ತದೆ?

ಅರ್ಧ ಉತ್ತರ ಇಲ್ಲಿಯೇ ಸಿಗುತ್ತದೆ. ಬಾನೆಟ್ ಎತ್ತಿ, ರೇಡಿಯೊ, ಫ್ಯಾನ್ ಎಲ್ಲ ಆಫ್ ಮಾಡಿ, ಕೀ ತಿರುಗಿಸಿ ಕಿವಿಗೊಡಿ.

ಏನೂ ಸದ್ದಿಲ್ಲ, ಡ್ಯಾಶ್‌ಬೋರ್ಡ್ ದೀಪಗಳೂ ಹೊತ್ತುವುದಿಲ್ಲ ಎಂದರೆ ಬ್ಯಾಟರಿ ಪೂರ್ತಿ ಇಳಿದಿದೆ, ಇಲ್ಲವೇ ಟರ್ಮಿನಲ್ ಸಡಿಲವಾಗಿದೆ, ಅಥವಾ ಫ್ಯೂಸಿಬಲ್ ಲಿಂಕ್ (ಫ್ಯೂಸ್‌ನಂತೆ ಕರಗುವ ವೈರ್) ಸುಟ್ಟಿದೆ. ದೀಪ ಹೊತ್ತುತ್ತವೆ, ಆದರೆ ಸದ್ದಿಲ್ಲ ಎಂದರೆ ಸೊಲೆನಾಯ್ಡ್‌ಗೆ ಕೀ ಕಡೆಯಿಂದ ಕರೆಂಟ್ ತಲುಪುತ್ತಿಲ್ಲ, ಇಲ್ಲವೇ ಸೊಲೆನಾಯ್ಡೇ ಕೆಟ್ಟಿದೆ. ಟಕಟಕಟಕ ಎಂದು ಬೇಗ ಬೇಗ ಬಡಿದುಕೊಂಡರೆ ಬ್ಯಾಟರಿ ಸೋತಿದೆ ಅಥವಾ ಕನೆಕ್ಷನ್ ಕೆಟ್ಟಿದೆ: ಸೊಲೆನಾಯ್ಡ್ ಎಳೆದ ಕೂಡಲೇ ವೋಲ್ಟೇಜ್ ಕುಸಿದು ಅದು ಬಿಟ್ಟುಕೊಳ್ಳುತ್ತದೆ, ವೋಲ್ಟೇಜ್ ಏರಿ ಮತ್ತೆ ಎಳೆಯುತ್ತದೆ. ಒಂದೇ ಒಂದು ಗಟ್ಟಿ ‘ಟಕ್’ ಬಂದು ಸುಮ್ಮನಾದರೆ ಸೊಲೆನಾಯ್ಡ್ ಎಳೆದಿದೆ, ಮೋಟರ್ ತಿರುಗುತ್ತಿಲ್ಲ. ಅಂದರೆ ಸೊಲೆನಾಯ್ಡ್ ಒಳಗಿನ ತಾಮ್ರದ ಕಾಂಟ್ಯಾಕ್ಟ್ ಅಥವಾ ಬ್ರಷ್ ಸವೆದಿದೆ, ದಪ್ಪ ಕೇಬಲ್ ಕೆಟ್ಟಿದೆ, ಇಲ್ಲವೇ ಎಂಜಿನ್ನೇ ಬಿಗಿದುಕೊಂಡಿದೆ.

ಕಿರ್ರ್ ಎಂದು ಮೋಟರ್ ಒಂದೇ ತಿರುಗಿ ಎಂಜಿನ್ ತಿರುಗದಿದ್ದರೆ ಪಿನಿಯನ್ ಗೇರ್ ಮುಂದೆ ಬರುತ್ತಿಲ್ಲ, ಅಥವಾ ಫ್ಲೈವ್ಹೀಲ್ ಹಲ್ಲು ಮುರಿದಿದೆ. ಎಂಜಿನ್ ಆಫ್ ಆಗುವಾಗ ಹೆಚ್ಚಾಗಿ ಅವೇ ಮೂರ್ನಾಲ್ಕು ಜಾಗಗಳಲ್ಲಿ ನಿಲ್ಲುತ್ತದೆ. ಹಲ್ಲು ಸವೆಯುವುದೂ ಅಲ್ಲಿಯೇ. ಕ್ರ್ಯಾಂಕ್ ಪುಲ್ಲಿಯ ಬೋಲ್ಟ್‌ಗೆ ಸ್ಪ್ಯಾನರ್ ಹಾಕಿ ಕಾಲು ಸುತ್ತು ತಿರುಗಿಸಿದ ಮೇಲೆ ಸೆಲ್ಫ್ ಹಿಡಿದರೆ ಹಲ್ಲಿನ ದೋಷ ಎಂದು ತಿಳಿಯಿರಿ.

ಎಂಜಿನ್ ಎಂದಿನ ವೇಗದಲ್ಲಿ ತಿರುಗುತ್ತದೆ, ಆದರೆ ಹತ್ತಿಕೊಳ್ಳುವುದಿಲ್ಲ ಎಂದಾದರೆ ಬ್ಯಾಟರಿಯ ಕಥೆ ಬಿಟ್ಟು ನೇರ ಸ್ಪಾರ್ಕ್ ಭಾಗಕ್ಕೆ ಹೋಗಿ. ಎಂದಿಗಿಂತ ಬಹಳ ಹಗುರವಾಗಿ, ಒಂದೇ ಸಮನೆ ಸುಯ್ಯೆಂದು ತಿರುಗಿದರೆ ಮಾತ್ರ ಅಲ್ಲೂ ನಿಲ್ಲಬೇಡಿ: ಕಂಪ್ರೆಶನ್ ಇಲ್ಲ, ಟೈಮಿಂಗ್ ಚೈನ್ ಅಥವಾ ಬೆಲ್ಟ್ ಹೋಗಿರುವ ಸಂಭವ ಹೆಚ್ಚು.

ಬ್ಯಾಟರಿ

ಮೀಟರನ್ನು ಡಿಸಿ ವೋಲ್ಟ್‌ಗೆ ಇಟ್ಟು ಬ್ಯಾಟರಿಯ ಎರಡು ಕಂಬಗಳ ಮೇಲೆ ಇಡಿ. ಕ್ಲ್ಯಾಂಪ್ ಮೇಲಲ್ಲ, ಸೀಸದ ಕಂಬದ ಮೇಲೆಯೇ. ಈಗತಾನೆ ಚಾರ್ಜ್ ಆಗಿದ್ದರೆ ಮೊದಲು 2 ನಿಮಿಷ ಹೆಡ್‌ಲೈಟ್ ಹಾಕಿ ಆರಿಸಿ, ಇಲ್ಲದಿದ್ದರೆ ಇಲ್ಲದ ವೋಲ್ಟೇಜ್ ತೋರಿಸುತ್ತದೆ. 12.6 ಇದ್ದರೆ ಪೂರ್ತಿ ಚಾರ್ಜ್, 12.4 ಎಂದರೆ ಮುಕ್ಕಾಲು, 12.2 ಎಂದರೆ ಅರ್ಧ, 12.0ಕ್ಕೆ ಇಳಿದರೆ ಕಾಲು ಭಾಗ ಮಾತ್ರ.

ಸುಮ್ಮನೆ ಇಟ್ಟಾಗ ಬರುವ ವೋಲ್ಟೇಜ್ ನಂಬಿ ಬ್ಯಾಟರಿ ಚೆನ್ನಾಗಿದೆ ಎಂದು ತೀರ್ಮಾನಿಸಬೇಡಿ. ಇಗ್ನಿಷನ್ ಕಾಯಿಲ್‌ನ (ಕಿಡಿಗೆ ಹೈ ವೋಲ್ಟೇಜ್ ಕೊಡುವ ಭಾಗ) ಪವರ್ ವೈರ್ ಕಿತ್ತಿಟ್ಟು, ಇಂಜೆಕ್ಷನ್ ಗಾಡಿಯಾದರೆ ಫ್ಯೂಯೆಲ್ ಪಂಪ್ ಫ್ಯೂಸನ್ನೂ ತೆಗೆದು, 10 ಸೆಕೆಂಡ್ ಸೆಲ್ಫ್ ಹೊಡೆಯುತ್ತ ಮೀಟರ್ ನೋಡಿ. ಸುಮಾರು 20 ಡಿಗ್ರಿ ಸೆಲ್ಸಿಯಸ್ ಹವೆಯಲ್ಲಿ 9.6 ವೋಲ್ಟ್‌ಗಿಂತ ಕೆಳಗೆ ಹೋಗಬಾರದು. ಪೂರ್ತಿ ಚಾರ್ಜ್ ಆದ ಬ್ಯಾಟರಿಯೂ ಕೆಳಗೆ ಜಾರಿದರೆ ಬ್ಯಾಟರಿಯ ಆಯಸ್ಸು ಮುಗಿದಿದೆ, ಇಲ್ಲವೇ ಸೆಲ್ಫ್ ಮೋಟರ್ ಅತಿಯಾಗಿ ಕರೆಂಟ್ ಎಳೆಯುತ್ತಿದೆ. ಬೇರೆ ಗಾಡಿಯಿಂದ ಜಂಪ್ ಕೊಟ್ಟು ನೋಡಿದರೆ ಎರಡರಲ್ಲಿ ಯಾವುದು ಎಂದು ತಿಳಿಯುತ್ತದೆ.

ಜಂಪ್ ಕೊಡುವ ಕ್ರಮ ಹೀಗಿರಲಿ: ಕೆಂಪು ಕೇಬಲ್ ಮೊದಲು ಇಳಿದ ಬ್ಯಾಟರಿಯ ಪ್ಲಸ್‌ಗೆ, ಆಮೇಲೆ ಒಳ್ಳೆಯ ಬ್ಯಾಟರಿಯ ಪ್ಲಸ್‌ಗೆ, ಕಪ್ಪು ಕೇಬಲ್ ಒಳ್ಳೆಯ ಬ್ಯಾಟರಿಯ ಮೈನಸ್‌ಗೆ, ಅದರ ಕೊನೆಯ ತುದಿ ನಿಂತ ಗಾಡಿಯ ಎಂಜಿನ್‌ನ ಬಣ್ಣವಿಲ್ಲದ ಲೋಹಕ್ಕೆ. ಕೊನೆಯ ಜೋಡಣೆಯಲ್ಲಿ ಕಿಡಿ ಹಾರುವುದು ಸಹಜ, ಅದು ಬ್ಯಾಟರಿಯಿಂದ ಹೊರಡುವ ಹೈಡ್ರೋಜನ್‌ನಿಂದ ದೂರ ಇರಬೇಕು ಎಂಬುದೇ ಈ ಕ್ರಮದ ಕಾರಣ.

ಕೇಬಲ್ ಮತ್ತು ಅರ್ತ್: ಹಳೆಯ ಗಾಡಿಯ ಮುಖ್ಯ ಶತ್ರು

ಈ ಪರೀಕ್ಷೆಯನ್ನು ಹೆಚ್ಚಿನವರು ಮಾಡುವುದೇ ಇಲ್ಲ, ಹಳೆಯ ಪಿಕಪ್‌ಗಳಲ್ಲಿ ಬಹಳಷ್ಟು ದೋಷ ಸಿಗುವುದು ಇಲ್ಲಿಯೇ. ದೊಡ್ಡ ಪೆಟ್ರೋಲ್ ಎಂಜಿನ್‌ನ ಸೆಲ್ಫ್ ಮೋಟರ್ 150ರಿಂದ 200 ಆಂಪಿಯರ್ ಎಳೆಯುತ್ತದೆ. ಒಂದು ಜೋಡಣೆಯಲ್ಲಿ ಕೇವಲ 0.01 ಓಮ್ ತಡೆ ಇದ್ದರೂ 200 ಆಂಪಿಯರ್ ಹರಿಯುವಾಗ ಅಲ್ಲಿಯೇ 2 ವೋಲ್ಟ್ ಸೋರಿಹೋಗುತ್ತದೆ. ಓಮ್ ಮೀಟರ್‌ನಲ್ಲಿ ಇದು ಕಾಣುವುದಿಲ್ಲ. ಕೇಬಲ್‌ನ ಎಳೆಗಳೆಲ್ಲ ಕೊಳೆತು ಒಂದೇ ಎಳೆ ಉಳಿದಿದ್ದರೂ ಅದು ಸೊನ್ನೆಯನ್ನೇ ತೋರಿಸುತ್ತದೆ. ಕರೆಂಟ್ ಹರಿಯುವಾಗ ಎಷ್ಟು ವೋಲ್ಟ್ ಬೀಳುತ್ತದೆ ಎಂದು ಅಳೆಯುವುದೊಂದೇ ದಾರಿ.

1. ಸ್ಪಾರ್ಕ್ ಮತ್ತು ಪೆಟ್ರೋಲ್ ನಿಲ್ಲಿಸಿ, ಎಂಜಿನ್ ಹತ್ತಿಕೊಳ್ಳದಂತೆ ಮಾಡಿ.
2. ಮೀಟರ್‌ನ ಕೆಂಪು ತುದಿ ಬ್ಯಾಟರಿಯ ಪ್ಲಸ್ ಕಂಬದ ಮೇಲೆ, ಕಪ್ಪು ತುದಿ ಸೆಲ್ಫ್ ಮೋಟರ್‌ಗೆ ದಪ್ಪ ಕೇಬಲ್ ಸೇರುವ ಬೋಲ್ಟ್ ಮೇಲೆ. ಸೆಲ್ಫ್ ಹೊಡೆಯಿರಿ. 0.5 ವೋಲ್ಟ್‌ಗಿಂತ ಹೆಚ್ಚು ಬರಬಾರದು.
3. ಈಗ ಅರ್ತ್ ಕಡೆ: ಒಂದು ತುದಿ ಬ್ಯಾಟರಿಯ ಮೈನಸ್ ಕಂಬಕ್ಕೆ, ಇನ್ನೊಂದು ಎಂಜಿನ್ ಬ್ಲಾಕ್‌ನ ಉಜ್ಜಿದ ಲೋಹಕ್ಕೆ. ಸೆಲ್ಫ್ ಹೊಡೆಯುವಾಗ 0.2ರಿಂದ 0.3 ವೋಲ್ಟ್‌ಗಿಂತ ಒಳಗಿರಬೇಕು.
4. ಹೆಚ್ಚು ಬಂದರೆ ತುದಿಯನ್ನು ಒಂದೊಂದೇ ಜೋಡಣೆಯ ಆಚೆ ಈಚೆ ಇಟ್ಟು ಅಳೆಯುತ್ತ ಹೋಗಿ: ಕಂಬದಿಂದ ಕ್ಲ್ಯಾಂಪ್‌ಗೆ, ಕ್ಲ್ಯಾಂಪ್‌ನಿಂದ ಕೇಬಲ್‌ನ ಇನ್ನೊಂದು ತುದಿಗೆ. ಸಂಖ್ಯೆ ಜಿಗಿದ ಜಾಗದಲ್ಲೇ ದೋಷ.

ಕ್ಲ್ಯಾಂಪ್ ಬಿಚ್ಚಿ, ಕಂಬವನ್ನೂ ಕ್ಲ್ಯಾಂಪ್‌ನ ಒಳಭಾಗವನ್ನೂ ಹೊಳೆಯುವವರೆಗೆ ಉಜ್ಜಿ. ಬೂದು ಬಣ್ಣದ ತೆಳು ಪದರ ಸಾಕು ಕರೆಂಟ್ ತಡೆಯಲು. ಬಿಳಿ ಹಸಿರು ಪುಡಿ ಕಟ್ಟಿದ್ದರೆ ಅಡುಗೆ ಸೋಡಾ ಕಲಸಿದ ನೀರು ಹಾಕಿ ತೊಳೆಯಿರಿ, ನೀರು ಬ್ಯಾಟರಿಯ ಒಳಗೆ ಇಳಿಯಬಾರದು. ಎಂಜಿನ್‌ನಿಂದ ಚಾಸಿಗೂ ಕ್ಯಾಬಿನ್‌ಗೂ ಹೋಗುವ ಹೆಣೆದ ಅರ್ತ್ ಪಟ್ಟಿಗಳನ್ನು ಮರೆಯಬೇಡಿ. ಅವು ತುಂಡಾಗಿದ್ದರೆ ಸೆಲ್ಫ್‌ನ ಕರೆಂಟ್ ಎಕ್ಸಲರೇಟರ್ ಕೇಬಲ್ ಮೂಲಕ ದಾರಿ ಹುಡುಕುತ್ತದೆ. ಆ ಕೇಬಲ್ ಬಿಸಿಯಾದರೆ ಅಥವಾ ಹೊಗೆಯಾಡಿದರೆ ಅದೇ ಸಾಕ್ಷಿ.

ಸೆಲ್ಫ್‌ನ ಕಂಟ್ರೋಲ್ ವೈರ್

ಕೇಬಲ್ ಸರಿಯಿದ್ದೂ ಸೆಲ್ಫ್ ಮಿಸುಕದಿದ್ದರೆ ಸೊಲೆನಾಯ್ಡ್‌ನ ಸಣ್ಣ ಟರ್ಮಿನಲ್‌ಗೆ, ಕ್ಲಿಪ್ಪನ್ನು ಎಂಜಿನ್ ಲೋಹಕ್ಕೆ ಹಾಕಿದ ಟೆಸ್ಟ್ ಲ್ಯಾಂಪ್ ಹಿಡಿದು ಕೀ ತಿರುಗಿಸಿ. ಫೋರ್ಡ್‌ನ ಹಳೆಯ ಪಿಕಪ್‌ಗಳಲ್ಲಿ ಸೊಲೆನಾಯ್ಡ್ ಮೋಟರ್ ಮೇಲಿರದೆ ಬ್ಯಾಟರಿ ಪಕ್ಕದ ಫೆಂಡರ್ ಮೇಲಿರುತ್ತದೆ, ಪರೀಕ್ಷೆ ಸುಲಭ. ಲ್ಯಾಂಪ್ ಪ್ರಖರವಾಗಿ ಹೊತ್ತಿಯೂ ಸೆಲ್ಫ್ ಎಳೆಯದಿದ್ದರೆ ಸೊಲೆನಾಯ್ಡ್ ಅಥವಾ ಮೋಟರ್ ಕೆಟ್ಟಿದೆ. ಹೊತ್ತದಿದ್ದರೆ ದೋಷ ಹಿಂದೆ ಎಲ್ಲೋ ಇದೆ: ಫ್ಯೂಸ್, ರಿಲೇ, ಕೀ ಸ್ವಿಚ್, ಕ್ಲಚ್ ಪೆಡಲ್ ಸ್ವಿಚ್, ಆಟೋಮ್ಯಾಟಿಕ್‌ನಲ್ಲಿ ನ್ಯೂಟ್ರಲ್ ಸೇಫ್ಟಿ ಸ್ವಿಚ್. ಪಾರ್ಕ್‌ನಲ್ಲಿ ಆಗದ್ದು ನ್ಯೂಟ್ರಲ್‌ನಲ್ಲಿ ಸ್ಟಾರ್ಟ್ ಆದರೆ ಈ ಕೊನೆಯ ಸ್ವಿಚ್ ಜಾಗ ತಪ್ಪಿದೆ ಅಥವಾ ಸವೆದಿದೆ.

ಸೆಲ್ಫ್ ಗಟ್ಟಿಯಾಗಿ ಬಡಿದು ಎಂಜಿನ್ ಥಟ್ಟನೆ ನಿಂತರೆ ಬಲವಂತ ಮಾಡಬೇಡಿ. ಪ್ಲಗ್‌ಗಳನ್ನೆಲ್ಲ ಬಿಚ್ಚಿ, ಕ್ರ್ಯಾಂಕ್ ಬೋಲ್ಟ್‌ಗೆ ಉದ್ದ ಹಿಡಿಯ ಸಾಕೆಟ್ ಹಾಕಿ ಕೈಯಲ್ಲಿ ತಿರುಗಿಸಿ ನೋಡಿ. ಪ್ಲಗ್ ತೂತಿನಿಂದ ಕೂಲಂಟ್ ಅಥವಾ ಪೆಟ್ರೋಲ್ ಹೊರಬಂದರೆ ಸಿಲಿಂಡರ್‌ನಲ್ಲಿ ದ್ರವ ತುಂಬಿತ್ತು ಎಂದರ್ಥ. ಪ್ಲಗ್ ಹಾಕಿಕೊಂಡೇ ಬಲವಾಗಿ ಹೊಡೆದಿದ್ದರೆ ಕನೆಕ್ಟಿಂಗ್ ರಾಡ್ ಬಗ್ಗುತ್ತಿತ್ತು. ಕೂಲಂಟ್ ಬಂದರೆ ಹೆಡ್ ಗ್ಯಾಸ್ಕೆಟ್, ಪೆಟ್ರೋಲ್ ಬಂದರೆ ಸೋರುವ ಇಂಜೆಕ್ಟರ್ ಅಥವಾ ಕಾರ್ಬ್ಯುರೇಟರ್‌ನ ನೀಡಲ್ ವಾಲ್ವ್ (ಬೌಲ್‌ಗೆ ಬರುವ ಪೆಟ್ರೋಲ್ ಬಿಟ್ಟು ತಡೆಯುವ ಭಾಗ) ಅನುಮಾನಿಸಿ. ಪೆಟ್ರೋಲ್ ಎಂಜಿನ್ ಆಯಿಲ್‌ಗೂ ಇಳಿದಿರುತ್ತದೆ. ಡಿಪ್‌ಸ್ಟಿಕ್ ಮೂಸಿ ನೋಡಿ, ವಾಸನೆ ಬಂದರೆ ಸ್ಟಾರ್ಟ್ ಮಾಡುವ ಮೊದಲೇ ಆಯಿಲ್ ಬದಲಿಸಿ.

ತಿರುಗುತ್ತದೆ, ಹತ್ತಿಕೊಳ್ಳುವುದಿಲ್ಲ: ಎರಡು ನಿಮಿಷದ ನೋಟ

ಸ್ಪಾನರ್ ಹಿಡಿಯುವ ಮುಂಚೆ ಡ್ಯಾಶ್‌ಬೋರ್ಡ್ ನೋಡಿ. ಇಂಜೆಕ್ಷನ್ ಗಾಡಿಯಲ್ಲಿ ಕೀ ಆನ್ ಮಾಡಿದಾಗ ಚೆಕ್ ಎಂಜಿನ್ ದೀಪ ಹೊತ್ತಬೇಕು. ಹೊತ್ತದಿದ್ದರೆ ಕಂಪ್ಯೂಟರ್‌ಗೇ ಕರೆಂಟ್ ಇಲ್ಲ, ಅದರ ಫ್ಯೂಸ್, ಅರ್ತ್ ನೋಡಿ. ಸೆಕ್ಯೂರಿಟಿ ದೀಪ ಮಿಣುಕುತ್ತಿದ್ದರೆ ಕಳ್ಳತನ ತಡೆಯುವ ವ್ಯವಸ್ಥೆ ಗಾಡಿಯನ್ನು ಕಟ್ಟಿಹಾಕಿರಬಹುದು. ಟ್ಯಾಕೋಮೀಟರ್ ಇದ್ದರೆ ಸೆಲ್ಫ್ ಹೊಡೆಯುವಾಗ ಮುಳ್ಳು ಸ್ವಲ್ಪವಾದರೂ ಅಲುಗಬೇಕು. ಅಲುಗದಿದ್ದರೆ ಇಗ್ನಿಷನ್ ಸಿಗ್ನಲ್ ಹುಟ್ಟುತ್ತಿಲ್ಲ ಎಂಬ ಅನುಮಾನ ಬಲವಾಗುತ್ತದೆ. ಫ್ಯೂಯೆಲ್ ಗೇಜನ್ನು ಹಳೆಯ ಗಾಡಿಯಲ್ಲಿ ನಂಬಬೇಡಿ, 5 ಲೀಟರ್ ಪೆಟ್ರೋಲ್ ಸುರಿದು ನೋಡುವುದು ಅಗ್ಗದ ಪರೀಕ್ಷೆ. ಏರ್ ಫಿಲ್ಟರ್ ಡಬ್ಬಿ ತೆಗೆದು ಇಲಿ ಗೂಡು ಕಟ್ಟಿದೆಯೇ, ವೈರ್ ಕಡಿದಿದೆಯೇ ನೋಡಿ.

ಆಮೇಲೆ ಒಂದು ನಿರ್ಣಾಯಕ ಪರೀಕ್ಷೆ, ಪೆಟ್ರೋಲ್ ಎಂಜಿನ್‌ಗೆ ಮಾತ್ರ. ಏರ್ ಇಂಟೇಕ್‌ಗೆ ಸ್ಟಾರ್ಟಿಂಗ್ ಸ್ಪ್ರೇ ಒಂದು ಸೆಕೆಂಡ್ ಹೊಡೆದು, ಡಬ್ಬ ದೂರ ಇಟ್ಟು, ಮುಖ ಆಚೆ ಇಟ್ಟುಕೊಂಡು ಸೆಲ್ಫ್ ಹೊಡೆಸಿ. ಎಂಜಿನ್ ಒಂದೆರಡು ಸೆಕೆಂಡ್ ಹತ್ತಿ ಆರಿದರೆ ಸ್ಪಾರ್ಕ್, ಕಂಪ್ರೆಶನ್, ಟೈಮಿಂಗ್ ಮೂರೂ ಬಹುತೇಕ ಸರಿಯಿವೆ, ಪೆಟ್ರೋಲ್ ಬರುತ್ತಿಲ್ಲ. ಏನೂ ಆಗದಿದ್ದರೆ ಮೊದಲು ಸ್ಪಾರ್ಕ್ ನೋಡಿ. ಗಾಡಿ ಪೆಟ್ರೋಲ್ ವಾಸನೆ ಹೊಡೆಯುತ್ತಿದ್ದರೆ ಈ ಸ್ಪ್ರೇ ಪರೀಕ್ಷೆ ಬೇಡ.

ಸ್ಪಾರ್ಕ್

ಪ್ಲಗ್ ವೈರನ್ನು ಕೈಯಲ್ಲಿ ಹಿಡಿದು ಕಿಡಿ ನೋಡುವ ಹಳೆಯ ಪದ್ಧತಿ ಬಿಡಿ. ಎಲೆಕ್ಟ್ರಾನಿಕ್ ಇಗ್ನಿಷನ್‌ನ ಹೊಡೆತ ಬಲವಾಗಿರುತ್ತದೆ, ಅಲ್ಲದೆ ಹಾದಿ ಸಿಗದ ಹೈ ವೋಲ್ಟೇಜ್ ಕಾಯಿಲ್ ಅಥವಾ ಮಾಡ್ಯೂಲನ್ನೇ ಸುಡಬಹುದು. ಸ್ಪಾರ್ಕ್ ಟೆಸ್ಟರನ್ನು ಒಂದು ಪ್ಲಗ್ ವೈರ್‌ಗೆ ಸಿಕ್ಕಿಸಿ, ಕ್ಲಿಪ್ಪನ್ನು ಎಂಜಿನ್ ಲೋಹಕ್ಕೆ ಹಾಕಿ ಸೆಲ್ಫ್ ಹೊಡೆಸಿ. ಚಟಚಟ ಎನ್ನುವ ನೀಲಿ ಬಿಳಿ ಕಿಡಿ ಬರಬೇಕು. ತೆಳ್ಳಗಿನ ಹಳದಿ ಕಿಡಿ ಹೊರಗೆ ಕಂಡರೂ ಸಿಲಿಂಡರ್‌ನ ಒತ್ತಡದಲ್ಲಿ ಹಾರುವುದಿಲ್ಲ, ಅದನ್ನು ‘ಸ್ಪಾರ್ಕ್ ಇದೆ’ ಎಂದು ಲೆಕ್ಕಕ್ಕೆ ಹಿಡಿಯಬೇಡಿ.

ಪ್ಲಗ್ ವೈರ್‌ನಲ್ಲಿ ಕಿಡಿ ಇಲ್ಲದಿದ್ದರೆ ಟೆಸ್ಟರನ್ನು ಕಾಯಿಲ್‌ನಿಂದ ಡಿಸ್ಟ್ರಿಬ್ಯೂಟರ್‌ಗೆ (ಕಿಡಿಯನ್ನು ಪ್ಲಗ್‌ಗಳಿಗೆ ಹಂಚುವ ಭಾಗ) ಬರುವ ನಡುವಿನ ವೈರ್‌ಗೆ ಹಾಕಿ. ಅಲ್ಲಿ ಕಿಡಿ ಇದ್ದು ಪ್ಲಗ್‌ಗೆ ಬರದಿದ್ದರೆ ಅದರ ಮೇಲಿನ ಕ್ಯಾಪ್ ಅಥವಾ ಒಳಗೆ ತಿರುಗುವ ರೋಟರ್ ಕೆಟ್ಟಿದೆ. ಕ್ಯಾಪ್‌ನ ಒಳಗೆ ಟಾರ್ಚ್ ಬಿಟ್ಟು ನೋಡಿ: ಕೂದಲೆಳೆಯಂಥ ಕಪ್ಪು ಗೆರೆ ಇದ್ದರೆ ಅದು ಕಾರ್ಬನ್ ದಾರಿ, ಕಿಡಿ ಅದರ ಗುಂಟ ಅರ್ತ್‌ಗೆ ಓಡಿಹೋಗುತ್ತದೆ. ನಡುವಿನ ಕಾರ್ಬನ್ ಗುಂಡಿ ಇದೆಯೇ, ಒಳಗೆ ತೇವ ಇದೆಯೇ ಗಮನಿಸಿ. ಜನರಲ್ ಮೋಟರ್ಸ್‌ನ ಅನೇಕ ಎಚ್‌ಇಐ (ಆ ಕಂಪನಿಯ ಎಲೆಕ್ಟ್ರಾನಿಕ್ ಇಗ್ನಿಷನ್) ಡಿಸ್ಟ್ರಿಬ್ಯೂಟರ್‌ಗಳಲ್ಲಿ ಕಾಯಿಲ್ ಕ್ಯಾಪ್‌ನ ಮೇಲೆಯೇ ಕೂತಿರುತ್ತದೆ. ಅಲ್ಲಿ ಕಿಡಿ ರೋಟರ್‌ನ ಮಧ್ಯವನ್ನು ಕೊರೆದು ಕೆಳಗಿನ ಶಾಫ್ಟ್‌ಗೆ ಇಳಿಯುವುದುಂಟು. ರೋಟರ್ ತಿರುಗಿಸಿ ತಳ ನೋಡಿದರೆ ಸೂಜಿಮೊನೆಯಷ್ಟು ಸುಟ್ಟ ತೂತು ಕಾಣುತ್ತದೆ. ಮೇಲಿಂದ ನೋಡಿದವರಿಗೆ ಅದು ಗೊತ್ತೇ ಆಗುವುದಿಲ್ಲ.

ಕಾಯಿಲ್‌ನಿಂದಲೇ ಕಿಡಿ ಇಲ್ಲದಿದ್ದರೆ ಟೆಸ್ಟ್ ಲ್ಯಾಂಪ್ ತನ್ನ ಕೆಲಸ ಮಾಡುತ್ತದೆ. ಕೀ ಆನ್ ಮಾಡಿ ಕಾಯಿಲ್‌ನ ಪ್ಲಸ್ ಟರ್ಮಿನಲ್ ಮುಟ್ಟಿಸಿ: ಹೊತ್ತದಿದ್ದರೆ ಕರೆಂಟ್ ಬರುತ್ತಿಲ್ಲ, ಕೀ ಸ್ವಿಚ್, ಫ್ಯೂಸ್, ರೆಸಿಸ್ಟರ್ ಕಡೆ ಹೋಗಿ. ಹೊತ್ತಿದರೆ ಮೈನಸ್ ಟರ್ಮಿನಲ್‌ಗೆ ಹಿಡಿದು ಸೆಲ್ಫ್ ಹೊಡೆಸಿ. ಲ್ಯಾಂಪ್ ಮಿಣುಕಿದರೆ ಕಾಯಿಲನ್ನು ಆನ್ ಆಫ್ ಮಾಡುವ ಪಾಯಿಂಟ್ ಅಥವಾ ಮಾಡ್ಯೂಲ್ ಕೆಲಸ ಮಾಡುತ್ತಿದೆ, ಕಾಯಿಲ್ಲೇ ಕೆಟ್ಟಿದೆ. ಮಿಣುಕದೆ ಸುಮ್ಮನೆ ಉರಿಯುತ್ತಿದ್ದರೆ ಮಾಡ್ಯೂಲ್, ಪಿಕಪ್ ಕಾಯಿಲ್ (ಡಿಸ್ಟ್ರಿಬ್ಯೂಟರ್ ಒಳಗೆ ಮಾಡ್ಯೂಲ್‌ಗೆ ಸಿಗ್ನಲ್ ಕೊಡುವ ಸಣ್ಣ ಕಾಯಿಲ್) ಅಥವಾ ಪಾಯಿಂಟ್‌ನ ಕಡೆ ದೋಷ. ಪ್ಲಸ್‌ನಲ್ಲಿ ಹೊತ್ತಿ ಮೈನಸ್‌ನಲ್ಲಿ ಹೊತ್ತದಿದ್ದರೆ ಕಾಯಿಲ್‌ನ ಒಳ ಸುತ್ತು ತುಂಡಾಗಿದೆ, ಇಲ್ಲವೇ ಮೈನಸ್ ಕಡೆ ಅರ್ತ್‌ಗೆ ಶಾರ್ಟ್ ಆಗಿ ಕೂತಿದೆ. ಮೈನಸ್ ವೈರ್ ಕಿತ್ತು ನೋಡಿದಾಗ ಹೊತ್ತಿದರೆ ಶಾರ್ಟ್ ಎಂದು ತಿಳಿಯಿರಿ.

ಪಾಯಿಂಟ್ ಇರುವ ಗಾಡಿಯಲ್ಲಿ ಕ್ಯಾಮ್‌ನ ಎತ್ತರದ ಜಾಗದಲ್ಲಿ ಅಂತರ ಸಾಮಾನ್ಯವಾಗಿ 0.40ರಿಂದ 0.50 ಮಿ.ಮೀ. ಇರುತ್ತದೆ, ಗಾಡಿಯ ಪುಸ್ತಕದ ಅಳತೆಯೇ ಅಂತಿಮ. ಪಾಯಿಂಟ್‌ನ ಫೈಬರ್ ಹಿಮ್ಮಡಿ ಸವೆದಂತೆ ಅಂತರ ಕಡಿಮೆಯಾಗುತ್ತ ಬಂದು ಒಂದು ದಿನ ಪಾಯಿಂಟ್ ತೆರೆಯುವುದೇ ಇಲ್ಲ. ಹಾಗಾಗಿಯೇ ‘ಇದ್ದಕ್ಕಿದ್ದಂತೆ’ ನಿಂತಂತೆ ಕಾಣುತ್ತದೆ. ಬಹಳ ದಿನ ನಿಂತ ಗಾಡಿಯಲ್ಲಿ ಪಾಯಿಂಟ್ ಮುಖದ ಮೇಲೆ ಪದರ ಕಟ್ಟಿ ಕರೆಂಟ್ ಹರಿಯದೆಯೂ ಇರಬಹುದು. ಸಣ್ಣ ಅರದಿಂದ ಎರಡು ಸಲ ಎಳೆದು ಸ್ವಚ್ಛ ಕಾಗದದಿಂದ ಒರೆಸಿದರೆ ಸಾಕು. ಕಂಡೆನ್ಸರ್ ಶಾರ್ಟ್ ಆದರೆ ಸ್ಪಾರ್ಕ್ ಪೂರ್ತಿ ಸತ್ತುಹೋಗುತ್ತದೆ.

ಮಾದರಿಗೆ ತಕ್ಕಂತೆ ಕೆಲವು ಹಳೆಯ ರೋಗಗಳಿವೆ. ಕ್ರೈಸ್ಲರ್ ಕಂಪನಿಯ ಡಾಡ್ಜ್ ಪಿಕಪ್‌ಗಳಲ್ಲಿ ಸೆಲ್ಫ್ ಹೊಡೆಯುವಾಗ ಎಂಜಿನ್ ಹತ್ತುತ್ತದೆ, ಕೀ ಬಿಟ್ಟ ಕೂಡಲೇ ಆರುತ್ತದೆ. ಫೈರ್‌ವಾಲ್ ಮೇಲಿನ ಪಿಂಗಾಣಿ ಬ್ಯಾಲಸ್ಟ್ ರೆಸಿಸ್ಟರ್ ತುಂಡಾಗಿದ್ದರೆ ಹೀಗಾಗುತ್ತದೆ: ಸೆಲ್ಫ್ ಹೊತ್ತಿನಲ್ಲಿ ಕರೆಂಟ್ ಅದನ್ನು ಬಿಟ್ಟು ನೇರ ಹೋಗುತ್ತದೆ, ಕೀ ಬಿಟ್ಟಾಗ ಅದರ ಮೂಲಕವೇ ಹೋಗಬೇಕು. ಓಮ್ ಮೀಟರ್‌ನಲ್ಲಿ ತುಂಡಾದದ್ದು ತಕ್ಷಣ ಗೊತ್ತಾಗುತ್ತದೆ. ಆದರೆ ಎಚ್‌ಇಐ ವ್ಯವಸ್ಥೆಗೆ ರೆಸಿಸ್ಟರ್ ಇಲ್ಲದೆ ಪೂರ್ತಿ ಬ್ಯಾಟರಿ ವೋಲ್ಟೇಜ್ ಬೇಕು.

ಎಚ್‌ಇಐನ ಪಿಕಪ್ ಕಾಯಿಲ್ 500ರಿಂದ 1500 ಓಮ್ ತೋರಿಸಬೇಕು, ಡಿಸ್ಟ್ರಿಬ್ಯೂಟರ್ ಮೈಗೆ ಅಳೆದರೆ ಯಾವ ಸಂಪರ್ಕವೂ ಇರಬಾರದು. ಕಿಡಿಯ ಹೊತ್ತು ಹೊಂದಿಸುವ ವ್ಯಾಕ್ಯೂಮ್ ಅಡ್ವಾನ್ಸ್ ತಟ್ಟೆ ಅಲುಗಿದಾಗಲೆಲ್ಲ ಅದರ ಎರಡು ತೆಳು ವೈರ್‌ಗಳು ಬಾಗುತ್ತವೆ, ವರ್ಷಗಟ್ಟಲೆ ಬಾಗಿ ಇನ್ಸುಲೇಷನ್ ಒಳಗೇ ತುಂಡಾಗುತ್ತವೆ. ಆದ್ದರಿಂದ ಮೀಟರ್ ಹಾಕಿಕೊಂಡೇ ಆ ತಟ್ಟೆಯನ್ನು ಕೈಯಲ್ಲಿ ಆಚೆ ಈಚೆ ಸರಿಸಿ. ಮೀಟರ್‌ನ ಸಂಖ್ಯೆ ಒಮ್ಮೆ ಮಾಯವಾದರೂ ಆ ಪಿಕಪ್ ಕಾಯಿಲ್ ಬದಲಿಸಿ. ಫೋರ್ಡ್‌ನ 1980ರ ದಶಕದ ಟಿಎಫ್‌ಐ (ಫೋರ್ಡ್‌ನ ಎಲೆಕ್ಟ್ರಾನಿಕ್ ಇಗ್ನಿಷನ್) ಮಾಡ್ಯೂಲ್ ಡಿಸ್ಟ್ರಿಬ್ಯೂಟರ್‌ನ ಪಕ್ಕಕ್ಕೇ ಅಂಟಿಕೊಂಡಿದ್ದು, ಎಂಜಿನ್ ಬಿಸಿಗೆ ಸೋತು, ಆರಿದ ಮೇಲೆ ಸರಿಯಾಗುತ್ತದೆ. ಅದರ ಸ್ಕ್ರೂ ತೆಗೆಯಲು 5.5 ಮಿ.ಮೀ. ಅಳತೆಯ ತೆಳು ಗೋಡೆಯ ಉದ್ದ ಸಾಕೆಟ್ ಬೇಕು. ಎಚ್‌ಇಐ, ಟಿಎಫ್‌ಐ ಎರಡೂ ಬಗೆಯ ಮಾಡ್ಯೂಲ್‌ಗಳನ್ನು ಹಾಕುವಾಗ ತಳಕ್ಕೆ ಬಿಸಿ ಸಾಗಿಸುವ ಪೇಸ್ಟ್ ಹಚ್ಚಲೇಬೇಕು. ಪೇಸ್ಟ್ ಇಲ್ಲದೆ ಕೂರಿಸಿದ ಹೊಸ ಮಾಡ್ಯೂಲ್ ಬಹಳ ದಿನ ಬಾಳುವುದಿಲ್ಲ.

ಪೆಟ್ರೋಲ್

ಕಾರ್ಬ್ಯುರೇಟರ್ ಗಾಡಿಯಲ್ಲಿ ಏರ್ ಫಿಲ್ಟರ್ ತೆಗೆದು, ಎಂಜಿನ್ ಆಫ್ ಇರುವಾಗ, ಥ್ರಾಟಲ್ ಲಿವರ್ ಪೂರ್ತಿ ಎಳೆದು ಒಳಗೆ ನೋಡಿ. ಆಕ್ಸಲರೇಟರ್ ಪಂಪ್‌ನಿಂದ ಪೆಟ್ರೋಲ್‌ನ ಸಣ್ಣ ಧಾರೆ ಚಿಮ್ಮಬೇಕು. ಚಿಮ್ಮಿದರೆ ಕಾರ್ಬ್ಯುರೇಟರ್‌ನ ಬೌಲ್‌ನಲ್ಲಿ (ಪೆಟ್ರೋಲ್ ನಿಲ್ಲುವ ಬಟ್ಟಲು) ಪೆಟ್ರೋಲ್ ಇದೆ. ಇಲ್ಲದಿದ್ದರೆ ಕಾರ್ಬ್ಯುರೇಟರ್‌ಗೆ ಬರುವ ಪೈಪ್ ಬಿಚ್ಚಿ, ಕಾಯಿಲ್‌ನ ಪವರ್ ವೈರ್ ಕಿತ್ತು, ಪೈಪ್‌ನ ತುದಿ ಡಬ್ಬದೊಳಗಿಟ್ಟು ಸೆಲ್ಫ್ ಹೊಡೆಸಿ. ಎರಡು ಸರದಿಯಲ್ಲಿ ಒಟ್ಟು 20 ಸೆಕೆಂಡ್ ಹೊಡೆದರೆ ಒಳ್ಳೆಯ ಪಂಪ್ ಸುಮಾರು ಕಾಲು ಲೀಟರ್‌ಗಿಂತ ಹೆಚ್ಚನ್ನೇ ಎತ್ತುತ್ತದೆ. ಗೇಜ್‌ನಲ್ಲಿ ಒತ್ತಡ 4ರಿಂದ 7 ಪಿಎಸ್‌ಐ. ಬರದಿದ್ದರೆ ಪಂಪನ್ನು ಬೈಯುವ ಮುಂಚೆ ಟ್ಯಾಂಕ್ ಕಡೆಯ ರಬ್ಬರ್ ಹೋಸ್ ನೋಡಿ: ಹೊರಗೆ ಪೆಟ್ರೋಲ್ ಸೋರದಷ್ಟು ಸಣ್ಣ ಬಿರುಕು ಒಳಗೆ ಗಾಳಿ ಎಳೆಯಲು ಸಾಕು.

ಪಂಪ್ ಸರಿಯಿದ್ದು ಬೌಲ್ ಒಣಗಿದ್ದರೆ ನೀಡಲ್ ವಾಲ್ವ್ ಅಂಟಿಕೊಂಡಿದೆ. ಕಾರ್ಬ್ಯುರೇಟರ್‌ನ ಬೌಲ್ ಬದಿಗೆ ಸ್ಕ್ರೂಡ್ರೈವರ್ ಹಿಡಿಯಿಂದ ಮೆಲ್ಲಗೆ ತಟ್ಟಿದರೆ ಕೆಲವೊಮ್ಮೆ ಬಿಟ್ಟುಕೊಳ್ಳುತ್ತದೆ.

ಇಂಜೆಕ್ಷನ್ ಗಾಡಿಯಲ್ಲಿ ಕೀ ಆನ್ ಮಾಡಿದಾಗ ಟ್ಯಾಂಕ್ ಕಡೆಯಿಂದ ಸುಮಾರು 2 ಸೆಕೆಂಡ್ ಗುಂಯ್ ಎಂಬ ಸದ್ದು ಬರಬೇಕು. ಬಾರದಿದ್ದರೆ ಕ್ರಮವಾಗಿ ಫ್ಯೂಸ್, ರಿಲೇ, ಪಂಪ್ ಕನೆಕ್ಟರ್‌ನಲ್ಲಿ ವೋಲ್ಟೇಜ್, ಪಂಪ್‌ನ ಅರ್ತ್ ನೋಡಿ. ಅದೇ ನಂಬರಿನ ಇನ್ನೊಂದು ರಿಲೇ, ಹಾರ್ನ್‌ನದ್ದೋ ಎಸಿಯದ್ದೋ, ತಾತ್ಕಾಲಿಕವಾಗಿ ಹಾಕಿ ನೋಡಬಹುದು. ಫೋರ್ಡ್‌ನ ಇಂಜೆಕ್ಷನ್ ಪಿಕಪ್‌ಗಳಲ್ಲಿ ಪ್ರಯಾಣಿಕರು ಕಾಲಿಡುವ ಜಾಗದಲ್ಲಿ ಒಂದು ಇನರ್ಷಿಯಾ ಸ್ವಿಚ್ ಇರುತ್ತದೆ. ಅಪಘಾತದಲ್ಲಿ ಪಂಪ್ ನಿಲ್ಲಿಸಲೆಂದು ಇಟ್ಟದ್ದು, ದೊಡ್ಡ ಗುಂಡಿಗೆ ಬಿದ್ದಾಗಲೂ ಹಾರಬಹುದು. ಮೇಲಿನ ಗುಂಡಿ ಎದ್ದಿದ್ದರೆ ಒತ್ತಿ. ಎರಡು ಟ್ಯಾಂಕ್ ಇರುವ ಗಾಡಿಯಾದರೆ ಸ್ವಿಚ್ ಇನ್ನೊಂದಕ್ಕೆ ಹಾಕಿ ನೋಡಿ. ಪಂಪ್‌ಗೆ 12 ವೋಲ್ಟೂ ಅರ್ತೂ ಸಿಕ್ಕಿಯೂ ತಿರುಗದಿದ್ದರೆ, ಕೀ ತಿರುಗಿಸುತ್ತಿರುವಾಗ ಟ್ಯಾಂಕ್‌ನ ತಳಕ್ಕೆ ರಬ್ಬರ್ ಸುತ್ತಿಗೆಯಿಂದ ತಟ್ಟಿಸಿ. ಎಚ್ಚೆತ್ತು ತಿರುಗಿದರೆ ಮನೆ ಸೇರಬಹುದು. ಪಂಪ್ ಮಾತ್ರ ಮುಗಿಯಿತು.

ಪಂಪ್‌ನ ಸದ್ದು ಬಂದ ಮಾತ್ರಕ್ಕೆ ಒತ್ತಡ ಇದೆ ಎಂದಲ್ಲ. ಗೇಜ್ ಹಾಕಲೇಬೇಕು. ಜನರಲ್ ಮೋಟರ್ಸ್‌ನ 1987ರಿಂದ 1995ರವರೆಗಿನ ಥ್ರಾಟಲ್ ಬಾಡಿ ಇಂಜೆಕ್ಷನ್‌ನಲ್ಲಿ 9ರಿಂದ 13 ಪಿಎಸ್‌ಐ, ಅದೇ ಕಂಪನಿಯ 1996ರಲ್ಲಿ ಬಂದ ವೋರ್ಟೆಕ್ ವಿ8 ಎಂಜಿನ್‌ಗಳಲ್ಲಿ 60ರಿಂದ 66, ಫೋರ್ಡ್‌ನ ಆ ಕಾಲದ ಮಲ್ಟಿಪೋರ್ಟ್‌ನಲ್ಲಿ 30ರಿಂದ 45. ವೋರ್ಟೆಕ್ ಈ ವಿಷಯದಲ್ಲಿ ಬಹಳ ನಾಜೂಕು: 50ರ ಆಸುಪಾಸು ಒತ್ತಡ ಇದ್ದೂ ಸ್ಟಾರ್ಟ್ ಆಗದಿರುವುದು ಅದರಲ್ಲಿ ಸಾಮಾನ್ಯ. ಗೇಜ್ ಕಳಚುವಾಗ ಬಟ್ಟೆ ಸುತ್ತಿ, ಒತ್ತಡ ಇಳಿಸಿ.

ಒಂದು ಸುಳಿವು ನೆನಪಿಡಿ. ಜನರಲ್ ಮೋಟರ್ಸ್‌ನ ಆ ಥ್ರಾಟಲ್ ಬಾಡಿ ಗಾಡಿಗಳಲ್ಲಿ ಆಯಿಲ್ ಪ್ರೆಶರ್ ಸ್ವಿಚ್ ಕೂಡ ಪಂಪ್‌ಗೆ ಕರೆಂಟ್ ಕೊಡುತ್ತದೆ. ತುಂಬ ಹೊತ್ತು ಸೆಲ್ಫ್ ಹೊಡೆದ ಮೇಲೆ ಮಾತ್ರ ಗಾಡಿ ಸ್ಟಾರ್ಟ್ ಆಗುತ್ತಿದ್ದರೆ, ರಿಲೇ ಸತ್ತು, ಆಯಿಲ್ ಒತ್ತಡ ಏರಿದ ಮೇಲೆ ಈ ಸ್ವಿಚ್ ಪಂಪ್ ಓಡಿಸುತ್ತಿದೆ ಎಂದು ಮೊದಲು ಅನುಮಾನಿಸಿ.

ಪೆಟ್ರೋಲ್‌ನ ಗುಣವನ್ನೂ ನೋಡಿ. ಸ್ವಲ್ಪ ಪೆಟ್ರೋಲ್ ಗಾಜಿನ ಬಾಟಲಿಗೆ ಹಿಡಿದು 10 ನಿಮಿಷ ಬಿಡಿ. ತಳದಲ್ಲಿ ಬೇರೆ ಪದರ ಕಂಡರೆ ನೀರು ಸೇರಿದೆ. ವಾರ್ನಿಷ್ ವಾಸನೆ ಹೊಡೆದರೆ ಹಳಸಿದೆ. ಟ್ಯಾಂಕ್ ಖಾಲಿ ಮಾಡಿ, ಫಿಲ್ಟರ್ ಬದಲಿಸುವುದು ಬಿಟ್ಟು ಬೇರೆ ಔಷಧ ಇಲ್ಲ.

ಪೆಟ್ರೋಲ್ ಹೆಚ್ಚಾಗಿಯೂ ಎಂಜಿನ್ ನಿಲ್ಲುತ್ತದೆ. ಪ್ಲಗ್ ಬಿಚ್ಚಿದಾಗ ತುದಿ ಒದ್ದೆಯಾಗಿದ್ದು ವಾಸನೆ ಹೊಡೆದರೆ ಸಿಲಿಂಡರ್ ಮುಳುಗಿದೆ. ಎಕ್ಸಲರೇಟರ್ ನೆಲಕ್ಕೆ ಒತ್ತಿ ಹಿಡಿದು, ಪಂಪ್ ಮಾಡದೆ, 10 ಸೆಕೆಂಡ್ ಸೆಲ್ಫ್ ಹೊಡೆಯಿರಿ. ಕಾರ್ಬ್ಯುರೇಟರ್‌ನಲ್ಲಿ ಇದು ಗಾಳಿ ಹೆಚ್ಚಿಸುತ್ತದೆ. ಹೆಚ್ಚಿನ ಇಂಜೆಕ್ಷನ್ ಗಾಡಿಗಳಲ್ಲಿ ಕಂಪ್ಯೂಟರ್ ಇದನ್ನು ಗುರುತಿಸಿ ಇಂಜೆಕ್ಟರ್ ನಿಲ್ಲಿಸುತ್ತದೆ. ಪದೇ ಪದೇ ಮುಳುಗುತ್ತಿದ್ದರೆ ಮುಚ್ಚಿಕೊಂಡೇ ಕೂತ ಚೋಕ್, ಸೋರುವ ನೀಡಲ್ ವಾಲ್ವ್, ಅಥವಾ ಕೂಲಂಟ್ ಟೆಂಪರೇಚರ್ ಸೆನ್ಸರ್ ಕಾರಣ. ಸೆನ್ಸರ್ ವೈರ್ ತುಂಡಾದರೆ ಕಂಪ್ಯೂಟರ್ ಹೊರಗೆ ಕೊರೆಯುವ ಚಳಿ ಇದೆ ಎಂದುಕೊಂಡು ಪೆಟ್ರೋಲ್ ಸುರಿಯುತ್ತದೆ. ಜನರಲ್ ಮೋಟರ್ಸ್ ಸೆನ್ಸರ್ 20 ಡಿಗ್ರಿಯಲ್ಲಿ ಸುಮಾರು 3,500 ಓಮ್, 100 ಡಿಗ್ರಿಯಲ್ಲಿ 180ರ ಹತ್ತಿರ ತೋರಿಸಬೇಕು.

ಸ್ಪಾರ್ಕ್ ಇದೆ, ಪೆಟ್ರೋಲ್ ಇದೆ, ಆದರೂ ಇಲ್ಲ

ಡಿಸ್ಟ್ರಿಬ್ಯೂಟರ್ ಕ್ಯಾಪ್ ತೆಗೆದು ಸೆಲ್ಫ್ ಹೊಡೆಸಿ ರೋಟರ್ ತಿರುಗುತ್ತದೆಯೇ ನೋಡಿ. ತಿರುಗದಿದ್ದರೆ ಟೈಮಿಂಗ್ ಚೈನ್ ತುಂಡಾಗಿದೆ, ಅಥವಾ ಡಿಸ್ಟ್ರಿಬ್ಯೂಟರ್ ಗೇರ್‌ನ ಪಿನ್ ಕತ್ತರಿಸಿದೆ. ತಿರುಗಿದರೆ ಚೈನ್‌ನ ಸಡಿಲ ಅಳೆಯಿರಿ. ಕ್ರ್ಯಾಂಕ್ ಬೋಲ್ಟ್‌ಗೆ ಸ್ಪ್ಯಾನರ್ ಹಾಕಿ ಒಂದು ದಿಕ್ಕಿಗೆ ಬಿಗಿಯಾಗುವವರೆಗೆ ತಿರುಗಿಸಿ, ಪುಲ್ಲಿಯ ಗುರುತು ನೋಡಿಕೊಳ್ಳಿ. ಈಗ ನಿಧಾನ ಹಿಂದಕ್ಕೆ ತಿರುಗಿಸುತ್ತ, ರೋಟರ್ ಅಲುಗಿದ ಕೂಡಲೇ ನಿಲ್ಲಿಸಿ. ನಡುವೆ 5, 6 ಡಿಗ್ರಿಗಿಂತ ಹೆಚ್ಚು ಅಂತರವಿದ್ದರೆ ಚೈನ್ ಹಿಗ್ಗಿದೆ. ಹಳೆಯ ಅನೇಕ ಎಂಜಿನ್‌ಗಳಲ್ಲಿ ಕ್ಯಾಮ್ ಗೇರ್‌ನ ಹಲ್ಲು ನೈಲಾನ್‌ನದು. ಅದು ಒಡೆದು ಚೈನ್ ಹಲ್ಲು ಹಾರುತ್ತದೆ. ಕಾರ್ಬ್ಯುರೇಟರ್‌ನಿಂದ ‘ಢಬ್’ ಎಂದು ಹಿಮ್ಮುಖವಾಗಿ ಹೊಡೆಯುವುದು ಇದರ ಲಕ್ಷಣ.

ಕಂಪ್ರೆಶನ್ ಪರೀಕ್ಷೆಗೆ ಎಲ್ಲ ಪ್ಲಗ್ ತೆಗೆದು, ಸ್ಪಾರ್ಕ್ ಮತ್ತು ಪೆಟ್ರೋಲ್ ನಿಲ್ಲಿಸಿ, ಥ್ರಾಟಲ್ ಪೂರ್ತಿ ತೆರೆದಿಟ್ಟು, ಪ್ರತಿ ಸಿಲಿಂಡರ್‌ಗೂ ಐದಾರು ಹೊಡೆತ ಎಣಿಸಿ. 120ರಿಂದ 170 ಪಿಎಸ್‌ಐ ಬರಬೇಕು, ಅತಿ ಕಡಿಮೆಯದು ಅತಿ ಹೆಚ್ಚಿನದರ ಮುಕ್ಕಾಲು ಭಾಗಕ್ಕಿಂತ ಇಳಿಯಬಾರದು. ಕಡಿಮೆ ಇದ್ದ ಸಿಲಿಂಡರ್‌ಗೆ ಒಂದು ಚಮಚ ಎಂಜಿನ್ ಆಯಿಲ್ ಹಾಕಿ ಮತ್ತೆ ಅಳೆಯಿರಿ. ಏರಿದರೆ ರಿಂಗ್, ಏರದಿದ್ದರೆ ವಾಲ್ವ್. ಅಕ್ಕಪಕ್ಕದ ಎರಡು ಸಿಲಿಂಡರ್ ಒಟ್ಟಿಗೆ ಬಿದ್ದಿದ್ದರೆ ನಡುವಿನ ಹೆಡ್ ಗ್ಯಾಸ್ಕೆಟ್. ಎಲ್ಲವೂ ಒಂದೇ ಸಮ ಬಿದ್ದಿದ್ದರೆ ಟೈಮಿಂಗ್.

ಬಿಸಿಯಾದಾಗ ಮಾತ್ರ ಕೈಕೊಡುವ ಗಾಡಿ

ಇಗ್ನಿಷನ್ ಮಾಡ್ಯೂಲ್, ಕ್ರ್ಯಾಂಕ್ ಸೆನ್ಸರ್, ಕಾಯಿಲ್ ಈ ಮೂರೂ ಬಿಸಿಗೆ ಸೋತು ತಣ್ಣಗಾದಾಗ ಮರಳುತ್ತವೆ. ಗಾಡಿ ನಿಂತ ಕೂಡಲೇ ಮೊದಲು ಸ್ಪಾರ್ಕ್ ನೋಡಿ. ಸ್ಪಾರ್ಕ್ ಇಲ್ಲದಿದ್ದರೆ ಅನುಮಾನದ ಭಾಗದ ಮೇಲೆ ತಣ್ಣೀರಲ್ಲಿ ಅದ್ದಿ ಹಿಂಡಿದ ಬಟ್ಟೆ ಇಟ್ಟು, 3, 4 ನಿಮಿಷ ಬಿಟ್ಟು ಸೆಲ್ಫ್ ಹೊಡೆಯಿರಿ, ಒಂದೊಂದೇ ಭಾಗಕ್ಕೆ. ಸ್ಪಾರ್ಕ್ ಇದ್ದರೆ ಪೆಟ್ರೋಲ್ ಲೈನ್ ಬಿಸಿಯಾಗಿ ಆವಿ ತುಂಬಿದೆಯೇ ಎಂದು ಗಮನಿಸಿ. ಕಾರ್ಬ್ಯುರೇಟರ್ ಗಾಡಿಗಳಲ್ಲಿ ಇದು ಹೆಚ್ಚು. ಎಂಜಿನ್ ಬಿಸಿಯಿದ್ದಾಗ ಸೆಲ್ಫೇ ಎಳೆಯದೆ, ಆರಿದ ಮೇಲೆ ಎಳೆದರೆ ಎಕ್ಸಾಸ್ಟ್ ಪೈಪ್ ಪಕ್ಕದ ಸೊಲೆನಾಯ್ಡ್ ಕಾದಿದೆ. ಅಲ್ಲಿ ಶಾಖ ತಡೆಯುವ ತಗಡು ಬಿದ್ದುಹೋಗಿದೆಯೇ ನೋಡಿ.

ಡೀಸೆಲ್ ಪಿಕಪ್ ಆದರೆ

ಸೈಲೆನ್ಸರ್ ನೋಡಿದರೆ ಅರ್ಧ ತಿಳಿಯುತ್ತದೆ. ಸೆಲ್ಫ್ ಹೊಡೆಯುವಾಗ ಬಿಳಿ ಹೊಗೆ ಬಂದರೆ ಡೀಸೆಲ್ ಸಿಲಿಂಡರ್‌ಗೆ ತಲುಪುತ್ತಿದೆ, ಉರಿಯುತ್ತಿಲ್ಲ: ಹೀಟರ್ ಪ್ಲಗ್, ನಿಧಾನ ತಿರುಗುವ ಸೆಲ್ಫ್, ಕಂಪ್ರೆಶನ್ ನೋಡಿ. ಹೊಗೆಯೇ ಇಲ್ಲದಿದ್ದರೆ ಡೀಸೆಲ್ ಬರುತ್ತಿಲ್ಲ. ಹೀಟರ್ ಪ್ಲಗ್‌ನ ವೈರ್ ಕಳಚಿ, ಟೆಸ್ಟ್ ಲ್ಯಾಂಪ್‌ನ ಕ್ಲಿಪ್ ಬ್ಯಾಟರಿ ಪ್ಲಸ್‌ಗೆ ಹಾಕಿ, ಮೊನೆಯನ್ನು ಪ್ಲಗ್ ತುದಿಗೆ ಮುಟ್ಟಿಸಿ. ಹೊತ್ತದ ಪ್ಲಗ್ ಸುಟ್ಟಿದೆ. ಮೀಟರ್‌ನಲ್ಲಿ ಒಳ್ಳೆಯದು ಸಾಮಾನ್ಯವಾಗಿ 2 ಓಮ್‌ಗಿಂತ ಒಳಗಿರುತ್ತದೆ.

ಡೀಸೆಲ್ ಬರದಿದ್ದರೆ ಇಂಜೆಕ್ಷನ್ ಪಂಪ್ ಮೇಲಿನ ಸ್ಟಾಪ್ ಸೊಲೆನಾಯ್ಡ್ ಮೊದಲು. ಕೀ ಆನ್ ಮಾಡಿದಾಗ ‘ಟಕ್’ ಎನ್ನಬೇಕು, ವೈರ್‌ನಲ್ಲಿ 12 ವೋಲ್ಟ್ ಇರಬೇಕು. ಆಮೇಲೆ ಏರ್. ಫಿಲ್ಟರ್ ಬದಲಿಸಿದ ಅಥವಾ ಟ್ಯಾಂಕ್ ಖಾಲಿಯಾದ ಮೇಲೆ ಲೈನ್ ಏರ್ ಹಿಡಿಯುತ್ತದೆ. ಫಿಲ್ಟರ್ ಮೇಲಿನ ಬ್ಲೀಡ್ ಸ್ಕ್ರೂ ಸಡಿಲಿಸಿ, ಕೈ ಪ್ರೈಮರನ್ನು ಗುಳ್ಳೆಯಿಲ್ಲದ ಡೀಸೆಲ್ ಬರುವವರೆಗೆ ಒತ್ತಿ ಬಿಗಿ ಮಾಡಿ. ಅನಂತರ ಇಂಜೆಕ್ಷನ್ ಪಂಪ್‌ನ ಬ್ಲೀಡ್ ಸ್ಕ್ರೂ. ಕೊನೆಗೆ ಎರಡು ನಾಜಲ್‌ಗಳ ಪೈಪ್ ನಟ್ಟನ್ನು ಅರ್ಧ ಸುತ್ತು ಸಡಿಲಿಸಿ ಸೆಲ್ಫ್ ಹೊಡೆಸಿ, ಡೀಸೆಲ್ ಚಿಮ್ಮಿದ ಮೇಲೆ ಬಿಗಿ ಮಾಡಿ. ಕೈ ಆ ಧಾರೆಗೆ ಅಡ್ಡ ಇಡಲೇಬೇಡಿ, ಆ ಒತ್ತಡದ ಡೀಸೆಲ್ ಚರ್ಮ ಸೀಳಿ ಒಳಹೋಗುತ್ತದೆ. ಕಾಮನ್ ರೈಲ್ (ಎಲ್ಲ ನಾಜಲ್‌ಗಳಿಗೂ ಒಂದೇ ಪೈಪ್‌ನಿಂದ ಅತಿ ಒತ್ತಡದ ಡೀಸೆಲ್ ಕೊಡುವ ವ್ಯವಸ್ಥೆ) ಇರುವ ಗಾಡಿಯಲ್ಲಿ ಒತ್ತಡ ಇನ್ನೂ ಹೆಚ್ಚು ಅಪಾಯಕಾರಿ, ಅಲ್ಲಿ ನಾಜಲ್ ನಟ್ ಮುಟ್ಟಕೂಡದು. ಹೀಟರ್ ಪ್ಲಗ್ ಇರುವ ಎಂಜಿನ್‌ಗೆ ಸ್ಟಾರ್ಟಿಂಗ್ ಸ್ಪ್ರೇ ಹೊಡೆಯಬಾರದು. ಕಾದ ತುದಿಗೆ ತಾಗಿ ಅದು ಹೊತ್ತಿಕೊಂಡರೆ ಪಿಸ್ಟನ್ ಒಡೆಯುತ್ತದೆ.

ಸ್ಟಾರ್ಟ್ ಆದ ಮೇಲೆ

ಬ್ಯಾಟರಿ ಇಳಿದಿದ್ದೇ ಕಾರಣವಾಗಿದ್ದರೆ ಅದು ಇಳಿದದ್ದೇಕೆ ಎಂದು ತಿಳಿಯದೆ ಬಾನೆಟ್ ಮುಚ್ಚಬೇಡಿ. ಎಂಜಿನ್ ಓಡುವಾಗ ಬ್ಯಾಟರಿಯಲ್ಲಿ 13.8ರಿಂದ 14.5 ವೋಲ್ಟ್ ಇರಬೇಕು. ಕಡಿಮೆ ಇದ್ದರೆ ಆಲ್ಟರ್ನೇಟರ್, ಅದರ ಬೆಲ್ಟ್, ಹಿಂದಿನ ದಪ್ಪ ವೈರ್ ನೋಡಿ. ಚಾರ್ಜಿಂಗ್ ಸರಿಯಿದ್ದೂ ರಾತ್ರಿ ಕಳೆಯುವಷ್ಟರಲ್ಲಿ ಇಳಿಯುತ್ತಿದ್ದರೆ, ಎಲ್ಲ ಆಫ್ ಮಾಡಿ, ಮೈನಸ್ ಕೇಬಲ್ ಕಳಚಿ, ಕಂಬ ಮತ್ತು ಕೇಬಲ್ ನಡುವೆ ಮೀಟರನ್ನು 10 ಆಂಪಿಯರ್ ಶ್ರೇಣಿಯಲ್ಲಿ ಸೇರಿಸಿ. ಅರ್ಧ ಗಂಟೆ ಬಿಟ್ಟು 50 ಮಿಲಿಆಂಪಿಯರ್‌ಗಿಂತ ಹೆಚ್ಚು ತೋರಿಸಿದರೆ ಫ್ಯೂಸ್‌ಗಳನ್ನು ಒಂದೊಂದಾಗಿ ತೆಗೆಯುತ್ತ ಹೋಗಿ. ಯಾವುದನ್ನು ತೆಗೆದಾಗ ಸಂಖ್ಯೆ ಇಳಿಯುತ್ತದೋ ಆ ಸರ್ಕ್ಯೂಟ್‌ನಲ್ಲಿ ಸೋರಿಕೆ ಇದೆ. ಯಾವ ಫ್ಯೂಸ್‌ಗೂ ಇಳಿಯದಿದ್ದರೆ ಆಲ್ಟರ್ನೇಟರ್‌ನ ದಪ್ಪ ವೈರ್ ಕಳಚಿ ನೋಡಿ. ಒಳಗಿನ ಡಯೋಡ್ ಕೆಟ್ಟು ಬ್ಯಾಟರಿಯನ್ನು ರಾತ್ರಿಯಿಡೀ ಹೀರುವುದುಂಟು. ಈ ಮೀಟರ್ ಸೇರಿಸಿರುವಾಗ ಮಾತ್ರ ಸೆಲ್ಫ್ ಹೊಡೆಯಬೇಡಿ, ಮೀಟರ್‌ನ ಫ್ಯೂಸ್ ಆ ಕ್ಷಣವೇ ಹೋಗುತ್ತದೆ.